ಅಕ್ಷರಗಣನೆಯ ಬಾಲಪಾಠವೂ ತಾಡಪತ್ರಗಳ ಪಾಠಶುದ್ಧಿಯೂ

ಆದಿತೀರ್ಥಂಕರನಾದ ವೃಷಭದೇವನು ಬ್ರಾಹ್ಮಿ, ಸುಂದರಿ ಎಂಬ ತನ್ನ ಪುತ್ರಿಯರಿಗೆ ಲಿಪಿಯನ್ನೂ ಅಂಕೆಯನ್ನೂ ಎರಡು ಕೈಗಳಿಂದ ಬರೆದು ಕಲಿಸಿದನೆಂಬ ವೃತ್ತಾಂತವು ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬಂದಿದೆ. ವ್ಯಾಕರಣ, ಛಂದಸ್ಸು, ಅಲಂಕಾರಗಳ ಸಮುದಾಯವೇ ವಾಙ್ಮಯವೆಂದು ಅಲ್ಲಿಯೇ ನಿರೂಪಿತವಾಗಿದೆ. ಲಿಪಿಯೂ ಅಂಕೆಯೂ ಸಂಧಿಸುವ ಸ್ಥಾನ ಛಂದಸ್ಸು. ಬಾಲಕನು ಪದವೊಂದನ್ನು ಉಚ್ಚರಿಸಿ, ಅದರ ಅಕ್ಷರಗಳನ್ನು ಬೆರಳಿನಿಂದ ಎಣಿಸುವುದು ಅದರ ಪ್ರಥಮ ಸೋಪಾನ. ಈ ಕಿರಿಯ ಪಾಠದ ಮೇಲೆಯೇ ಗ್ರಂಥಗಳ ಪಾಠಶುದ್ಧಿಯೂ ನಿಂತಿದೆಯೆಂಬುದು ಗಮನಾರ್ಹ.

ಮರಳಿನ ಮೇಲೆ ಅಕ್ಷರ ತಿದ್ದುವ ಹಳೆಯ ಮಠಗಳಲ್ಲಿ ಬಾಯಿಪಾಠಕ್ಕೆ ಪ್ರಾಧಾನ್ಯವಿತ್ತು. ಕಾಗುಣಿತವನ್ನು ಒಪ್ಪಿಸುವಾಗ ಕ, ಕಾ, ಕಿ, ಕೀ ಎಂಬ ಪ್ರತಿಯೊಂದೂ ಒಂದೊಂದೇ ಅಕ್ಷರವೆಂಬ ಅರಿವು ಕಿವಿಯ ಮೂಲಕವೇ ಉಂಟಾಗುತ್ತದೆ. ಕಣ್ಣನ್ನು ಮಾತ್ರ ನಂಬಿದವನಿಗೆ ಇಲ್ಲಿ ಭ್ರಾಂತಿ ಸಹಜ. ‘ಬಂದನ್’ ಎಂಬಲ್ಲಿ ಕಣ್ಣಿಗೆ ಮೂರು ಆಕೃತಿಗಳು ಕಾಣುತ್ತವೆ, ಕಿವಿಗೆ ಕೇಳುವುದು ಎರಡೇ ಅಕ್ಷರ. ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ‘ಧರ್ಮ್ಮ’ ಎಂದು ಮಕಾರವನ್ನು ದ್ವಿತ್ವಗೊಳಿಸಿ ಬರೆದರೂ ಎಣಿಕೆ ಎರಡನ್ನು ಮೀರುವುದಿಲ್ಲ.

ಅಕ್ಷರಗಣನೆಯ ಬಳಿಕ ಮಾತ್ರಾಗಣನೆ. ‘ಕಮಲ’ ಮೂರು ಅಕ್ಷರ, ಮೂರು ಮಾತ್ರೆ. ‘ಮಂದರ’ ಮೂರು ಅಕ್ಷರ, ನಾಲ್ಕು ಮಾತ್ರೆ. 10ನೆಯ ಶತಮಾನದ ನಾಗವರ್ಮನು ಈ ಶಾಸ್ತ್ರವನ್ನು ‘ಛಂದೋಂಬುಧಿ’ಯಲ್ಲಿ ತನ್ನ ಪತ್ನಿಯನ್ನು ಸಂಬೋಧಿಸುತ್ತ ಬೋಧಿಸಿದ್ದಾನೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಿಥಿಲದ್ವಿತ್ವವನ್ನು ವಿವೇಚಿಸಿದ್ದಾನೆ. ಒತ್ತಕ್ಷರದ ಹಿಂದಿನ ಅಕ್ಷರವು ಗುರುವಾಗುವುದು ಸಾಮಾನ್ಯ ನಿಯಮ. ಆದರೆ ‘ಅಮರ್ದು’ ಎಂಬಂಥ ಪದದಲ್ಲಿ ಉಚ್ಚಾರಣೆ ತೇಲಿದರೆ ಅದು ಲಘುವಾಗಿಯೇ ಉಳಿಯಬಲ್ಲುದು. ಇದನ್ನು ನಿರ್ಣಯಿಸುವುದು ಲಿಪಿಯಲ್ಲ, ಶ್ರವಣ.

ತಾಡಪತ್ರಗಳಲ್ಲಿ ಪದಗಳನ್ನು ಬಿಡಿಸಿ ಬರೆಯುವ ಪದ್ಧತಿಯಿಲ್ಲ. ಎಷ್ಟೋ ಪ್ರತಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘ ಭೇದವೂ ಕಾಣದು. ‘ಬೆಡ’ ಎಂದಿರುವುದನ್ನು ‘ಬೇಡ’ ಎಂದು ಓದಬೇಕೆಂದು ಅರ್ಥದೊಡನೆ ಛಂದಸ್ಸೂ ಸೂಚಿಸುತ್ತದೆ. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಿಗೆ 12, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20 ಮಾತ್ರೆಗಳು. ಹುಳು ತಿಂದ ಓಲೆಯಲ್ಲಿ ‘ಮಂದರ’ದ ಬಿಂದು ನಷ್ಟವಾದರೆ ಅಕ್ಷರಸಂಖ್ಯೆ ಕುಂದದು, ಒಂದು ಮಾತ್ರೆ ಕುಂದುತ್ತದೆ. ಎಣಿಸಬಲ್ಲ ಕಿವಿಯು ಆ ಲೋಪವನ್ನು ಆಗಲೇ ಹಿಡಿಯುತ್ತದೆ. ಎಣಿಸದವನು ಅದನ್ನೇ ಪ್ರತಿಮಾಡುತ್ತಾನೆ. ದೋಷವು ಪ್ರತಿಯಿಂದ ಪ್ರತಿಗೆ ಸಂಕ್ರಮಿಸುತ್ತದೆ.

ಗದ್ಯಕ್ಕೂ ಎಣಿಕೆಯ ರಕ್ಷೆಯುಂಟು. 32 ಅಕ್ಷರಗಳಿಗೆ ಒಂದು ಗ್ರಂಥವೆಂಬ ಮಾನದಿಂದ ಲಿಪಿಕಾರರು ಕೃತಿಗಳ ಪ್ರಮಾಣವನ್ನು ಅಳೆಯುತ್ತಿದ್ದರು. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆಗೆ 72,000, ಜಿನಸೇನರು 837ರಲ್ಲಿ ಪೂರ್ಣಗೊಳಿಸಿದ ಜಯಧವಲೆಗೆ 60,000 ಗ್ರಂಥಗಳೆಂಬ ಪರಂಪರಾಗತ ಸಂಖ್ಯೆ ಈ ಮಾನದ್ದೇ. ಮೂಡುಬಿದಿರೆಯ ಭಂಡಾರದಲ್ಲಿ ಈ ಆಗಮಟೀಕೆಗಳನ್ನು ಕನ್ನಡ ಲಿಪಿಯ ಓಲೆಗಳು ಶತಮಾನಗಳ ಕಾಲ ಉಳಿಸಿಕೊಟ್ಟವು.

ಓಲೆಗಳಿಗೆ ಎಣ್ಣೆ ಸವರಿ, ವಸ್ತ್ರದಲ್ಲಿ ಸುತ್ತಿ ಕಾಪಾಡಿದರೆ ಪತ್ರವು ಉಳಿಯುತ್ತದೆ. ಪಾಠವು ಉಳಿಯಬೇಕಾದರೆ ಅಕ್ಷರವನ್ನು ಕೇಳಿ ಎಣಿಸಬಲ್ಲ ಓದುಗರ ಪರಂಪರೆ ಬೇಕು. ಆ ಪರಂಪರೆಯ ಆರಂಭವಾದರೋ ಬಾಲಕನ ಬೆರಳ ತುದಿಯಲ್ಲಿದೆ.