ಮಿದುಳಿನ ಕದ ತಟ್ಟಿದ ಕಾಂತ

ಪಾರ್ಶ್ವವಾಯು ಬಡಿದು ಕೈ ಬಿದ್ದುಹೋದವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ಕೈ ಮತ್ತೆ ಬರುತ್ತದೆಯೆ?" ಮಿದುಳಿನಿಂದ ಕೈಗೆ ಹೋಗುವ ದಾರಿ ಉಳಿದಿದೆಯೇ ಎಂಬುದನ್ನು ತಲೆಬುರುಡೆ ತೆರೆಯದೆ, ನೋವು ಕೊಡದೆ ತಿಳಿಯಲು ವಿಜ್ಞಾನಕ್ಕೆ ನೂರು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು.

1870ರಲ್ಲಿ ಜರ್ಮನಿಯ ಫ್ರಿಚ್ ಮತ್ತು ಹಿಟ್ಜಿಗ್ ನಾಯಿಯ ಮಿದುಳಿನ ಹೊರಪದರಕ್ಕೆ ವಿದ್ಯುತ್ ತಾಗಿಸಿದಾಗ ಎದುರು ಬದಿಯ ಕಾಲು ಅಲುಗಿತು. 1980ರಲ್ಲಿ ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್ ಎಂಬವರು ನೆತ್ತಿಯ ಮೇಲಿಂದಲೇ ವಿದ್ಯುತ್ ಹಾಯಿಸಿ ಮನುಷ್ಯನ ಕೈ ಅಲುಗಿಸಿದರು. ಆದರೆ ಆ ಏಟು ಬಲು ನೋವಿನದು. 1985ರಲ್ಲಿ ಶೆಫೀಲ್ಡ್ ನಗರದ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಂತಿಯ ಸುರುಳಿಯನ್ನು ತಲೆಯ ಮೇಲೆ ಹಿಡಿದು, ಅದೇ ಕೆಲಸವನ್ನು ನೋವಿಲ್ಲದೆ ಸಾಧಿಸಿದರು. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆಂಬ ಫ್ಯಾರಡೆಯವರ 1831ರ ಶೋಧನೆಯೇ ಇದರ ತಳಹದಿ. ಕಾಂತಕ್ಕೆ ತಲೆಬುರುಡೆ ಅಡ್ಡಿಯಾಗದು.

ಮಿದುಳು ಎಷ್ಟು ಸುಲಭವಾಗಿ ಕೆರಳುತ್ತದೆಂದು ಅಳೆಯುವುದು ಮುಂದಿನ ಹೆಜ್ಜೆ. ಒಂಟಿ ಏಟಿನ ವಿಧಾನದಲ್ಲಿ, ಹತ್ತರಲ್ಲಿ ಐದು ಸಲವಾದರೂ ಕೈಯ ಸ್ನಾಯು ಸ್ಪಂದಿಸುವ ಕನಿಷ್ಠ ಬಲವೇ ಹೊಸ್ತಿಲು. 1993ರಲ್ಲಿ ಕುಜಿರಾಯ್ ಮತ್ತು ಸಂಗಡಿಗರು ಜೋಡಿ ಏಟಿನ ವಿಧಾನವನ್ನು ಪ್ರಕಟಿಸಿದರು: ಮೊದಲು ಹೊಸ್ತಿಲು ಮುಟ್ಟದ ಸಣ್ಣ ಏಟು, ಹಿಂದೆಯೇ ದೊಡ್ಡದು. ನಡುವಣ ಅಂತರ 1ರಿಂದ 6 ಮಿಲಿಸೆಕೆಂಡ್ ಇದ್ದರೆ ಸ್ಪಂದನ ಕುಗ್ಗುತ್ತದೆ. 10ರಿಂದ 15 ಇದ್ದರೆ ಹಿಗ್ಗುತ್ತದೆ. ಒಂಟಿ ಏಟು ಬಾಗಿಲು ಎಷ್ಟು ಬಿಗಿ ಎಂದು ಹೇಳಿದರೆ, ಜೋಡಿ ಏಟು ಒಳಗಿನಿಂದ ಅದನ್ನು ಒತ್ತಿಹಿಡಿದವರ ಬಲವನ್ನು ಹೇಳುತ್ತದೆ.

ತೊಂದರೆಯೂ ಉಂಟು. ಅದೇ ಏಟಿಗೆ ಸ್ಪಂದನ ಪ್ರತಿಸಲವೂ ಬೇರೆಬೇರೆ. ಆದ್ದರಿಂದ ಕೆಲವರು ಲೆಕ್ಕವನ್ನೇ ತಿರುವಿಹಾಕಿದರು. ತಕ್ಕಡಿ ಸಮವಾಗುವವರೆಗೆ ಬಟ್ಟು ಬದಲಿಸುವಂತೆ, ಸ್ಪಂದನವನ್ನು ಒಂದೇ ಅಳತೆಯಲ್ಲಿ ನಿಲ್ಲಿಸಿ, ಅದಕ್ಕೆ ಬೇಕಾದ ಬಲವನ್ನು ಅಳೆದರು. ಆಸ್ಟ್ರೇಲಿಯದ ವೈದ್ಯರು ಸ್ನಾಯುಗಳನ್ನು ಕ್ಷೀಣಿಸುವ ಎ.ಎಲ್.ಎಸ್. ರೋಗದಲ್ಲಿ ಈ ತಡೆ ಕುಂದಿರುವುದನ್ನು ಕಂಡದ್ದು ಹೀಗೆಯೇ.

ಕಾಚಿಗುಡದಲ್ಲಿ ರಾತ್ರಿ ರೈಲು ಹತ್ತಿ ರೋಗಿಯೊಡನೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವ ಬಂಧುಗಳು ನಮ್ಮಲ್ಲಿದ್ದಾರೆ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆಯೂ 1974ರಲ್ಲಿ ಕೂಡಿ ಆದದ್ದು ಅದು. ಸ್ಕಿಜೊಫ್ರೇನಿಯ ರೋಗಿಗಳಲ್ಲಿ ಒಂಟಿ, ಜೋಡಿ ಏಟುಗಳೆರಡನ್ನೂ ಬಳಸಿ ಅಲ್ಲಿ ನಡೆಸಿದ ಸಂಶೋಧನೆ 2014ರಲ್ಲಿ ಪ್ರಕಟವಾಯಿತು.

ತಲೆಯಲ್ಲಿ ಲೋಹ, ಎದೆಯಲ್ಲಿ ಪೇಸ್‌ಮೇಕರ್ ಅಥವಾ ಮೂರ್ಛೆರೋಗ ಇದ್ದವರು ಪರೀಕ್ಷೆಗೆ ಮೊದಲೇ ತಿಳಿಸತಕ್ಕದ್ದು. ಪಾರ್ಶ್ವವಾಯುವಾದ ಕೆಲವೇ ದಿನಗಳಲ್ಲಿ ಕೈ ಸ್ಪಂದಿಸಿದರೆ ಭರವಸೆಗೆ ಕಾರಣವುಂಟು. ಸ್ಪಂದಿಸದಿದ್ದರೆ ಅದೊಂದೇ ಕೊನೆಯ ತೀರ್ಪಲ್ಲ. ಯಂತ್ರ ಕೊಡುವುದು ಅಂಕಿ. ಅದರ ಅರ್ಥವನ್ನು ವೈದ್ಯರ ಬಳಿ ಕುಳಿತು, ಬಿಡದೆ ಕೇಳಿ ತಿಳಿಯಬೇಕಾದವರು ನಾವು.