ಸತ್ತ ಮೇಲೂ ದುಡಿದವರು

ಭಯದ ಸಿನಿಮಾಗಳ ಹುಚ್ಚು ನನಗೆ ಹಳೆಯದು. ಕಥೆ ಬರೆಯುವವನಿಗೆ ಇದೆಂಥ ಅಭಿರುಚಿ ಎಂದು ಗೆಳೆಯರು ಮುಖ ಸಿಂಡರಿಸುವುದುಂಟು. ಆದರೆ ಎಲ್ಲ ಭಯವೂ ಒಂದೇ ತೂಕದ್ದಲ್ಲ. ಮುಖವಾಡ ತೊಟ್ಟವನೊಬ್ಬ ಚೂರಿ ಹಿಡಿದು ಹರೆಯದವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ 'ಸ್ಲ್ಯಾಷರ್' ಚಿತ್ರಗಳನ್ನೇ ನೋಡಿ. ಜಾನ್ ಕಾರ್ಪೆಂಟರ್ 1978ರಲ್ಲಿ ಮಾಡಿದ 'ಹ್ಯಾಲೋವೀನ್' ಈ ಜಾತಿಯಲ್ಲಿ ಒಳ್ಳೆಯದು. ಅದರಲ್ಲಿ ರಕ್ತ ಕಡಿಮೆ, ಕಾಯಿಸುವ ಜಾಣ್ಮೆ ಹೆಚ್ಚು. 1980ರ 'ಫ್ರೈಡೇ ದಿ ಥರ್ಟೀನ್ತ್' ನಂತರ ಬಂದವುಗಳಲ್ಲಿ ಬಹುಪಾಲು ಹೆಣಗಳ ಲೆಕ್ಕವಷ್ಟೇ. ಥಿಯೇಟರಿನ ದೀಪ ಹತ್ತಿದೊಡನೆ ಆ ಭಯ ಮುಗಿಯಿತು. ಝೊಂಬಿ ಹಾಗಲ್ಲ. ಅದಕ್ಕೊಂದು ಚರಿತ್ರೆಯಿದೆ. ಅದು ಶುರುವಾಗುವುದು ಸ್ಮಶಾನದಲ್ಲಲ್ಲ, ಕಬ್ಬಿನ ಗದ್ದೆಯಲ್ಲಿ.

ಇಂದಿನ ಹೈಟಿ ದೇಶ ಆಗ ಫ್ರೆಂಚರ ವಸಾಹತು, ಹೆಸರು ಸೇಂಟ್ ಡೊಮಿಂಗ್. ಯುರೋಪಿನವರ ಬಟ್ಟಲಿಗೆ ಸಕ್ಕರೆ, ಕಾಫಿ ಒದಗಿಸಲು ಆಫ್ರಿಕದಿಂದ ಹಿಡಿದು ತಂದ ಜನ ಅಲ್ಲಿ ದುಡಿದು ಸಾಯುತ್ತಿದ್ದರು. 1789ರ ಸುಮಾರಿಗೆ ಅಲ್ಲಿದ್ದ ಗುಲಾಮರು 5 ಲಕ್ಷದಷ್ಟು. 1791ರಲ್ಲಿ ಅವರು ದಂಗೆಯೆದ್ದರು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಆದರೆ ಗುಲಾಮಗಿರಿಯ ನೆನಪು ಜನರ ಕತೆಗಳಲ್ಲಿ ಉಳಿಯಿತು. ಆ ಕತೆಗಳ ಝೊಂಬಿ ಯಾರನ್ನೂ ತಿನ್ನುವುದಿಲ್ಲ. ಮಾಂತ್ರಿಕ ಅದನ್ನು ಗೋರಿಯಿಂದ ಎಬ್ಬಿಸಿ ಹೊಲಕ್ಕೆ ಅಟ್ಟುತ್ತಾನೆ. ಅದು ತಲೆ ತಗ್ಗಿಸಿ ದುಡಿಯುತ್ತದೆ, ಅಷ್ಟೆ. ಬಾಯಿಗೆ ಉಪ್ಪು ಬಿದ್ದರೆ ಮಾತ್ರ ತಾನು ಸತ್ತವನೆಂಬುದು ನೆನಪಾಗಿ, ಗೋರಿಯ ಕಡೆ ನಡೆದುಬಿಡುತ್ತದೆ. ಗುಲಾಮನಿಗೆ ಸಾವೊಂದೇ ಬಿಡುಗಡೆಯಾಗಿತ್ತು. ಸತ್ತರೂ ಧಣಿ ಬಿಡಲಾರ ಎಂಬುದೇ ಆ ಭಯದ ತಿರುಳು. ಹೈಟಿಯವನು ಹೆದರಿದ್ದು ಝೊಂಬಿಗಲ್ಲ, ತಾನು ಝೊಂಬಿಯಾದೇನು ಎಂದು.

1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯಲ್ಲಿ ಬೀಡುಬಿಟ್ಟಿತ್ತು. ಆ ನಡುವೆ, 1929ರಲ್ಲಿ, ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ ಪ್ರವಾಸಿ ಬರೆದ ಪುಸ್ತಕ ಈ ಕತೆಯನ್ನು ಹಾಲಿವುಡ್ಡಿಗೆ ತಲುಪಿಸಿತು. 1932ರ 'ವೈಟ್ ಝೊಂಬಿ'ಯಲ್ಲಿ ಸಕ್ಕರೆ ಗಾಣದ ದೃಶ್ಯವೊಂದಿದೆ. ಸತ್ತವರು ಗಾಣ ತಿರುಗಿಸುತ್ತಿದ್ದಾರೆ, ಒಬ್ಬ ಕಾಲು ತಪ್ಪಿ ಅದರೊಳಗೆ ಬೀಳುತ್ತಾನೆ, ಗಾಣ ನಿಲ್ಲುವುದಿಲ್ಲ. ನಾನು ಕಂಡ ಭೀಕರ ದೃಶ್ಯಗಳಲ್ಲಿ ಇದಕ್ಕೇ ಮೊದಲ ಸ್ಥಾನ, ತೊಟ್ಟು ರಕ್ತ ಕಾಣಿಸದಿದ್ದರೂ. ಆದರೆ ಚಿತ್ರದ ಮರುಕವೆಲ್ಲ ಮಂತ್ರಕ್ಕೆ ಸಿಕ್ಕ ಬಿಳಿ ಹೆಣ್ಣಿಗೆ ಮೀಸಲು. ಗಾಣಕ್ಕೆ ಬಿದ್ದವನ ಹೆಸರೂ ನಮಗೆ ತಿಳಿಯುವುದಿಲ್ಲ.

ಹೆಣ ತಿನ್ನುವ ಚಾಳಿ ಬಂದದ್ದು ಬೇರೆ ಕಡೆಯಿಂದ. ಜಾರ್ಜ್ ರೊಮೆರೊ 1968ರಲ್ಲಿ ಪಿಟ್ಸ್‌ಬರ್ಗಿನ ಗೆಳೆಯರೊಡನೆ ಸೇರಿ ಸುಮಾರು 1 ಲಕ್ಷ 14 ಸಾವಿರ ಡಾಲರಿನಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದ. ಝೊಂಬಿ ಚಿತ್ರಗಳ ತಾಯಿಬೇರು ಎನ್ನುವ ಈ ಚಿತ್ರದಲ್ಲಿ ಝೊಂಬಿ ಎಂಬ ಶಬ್ದವೇ ಇಲ್ಲ! ಅಲ್ಲಿರುವುದು 'ಗೂಲ್'. ಉರ್ದು ಓದಿದವರಿಗೆ ಇದು ಪರಿಚಿತ: 'ಗೂಲೆ ಬಯಾಬಾನಿ', ವೇಷ ಬದಲಿಸಿ ದಾರಿಹೋಕರನ್ನು ದಿಕ್ಕು ತಪ್ಪಿಸುವ ಮರುಭೂಮಿಯ ಪಿಶಾಚಿ. ಅರಬ್ಬಿಯ ಈ ಶಬ್ದ ಯುರೋಪಿಗೆ ಹೋದದ್ದು ಮುಖ್ಯವಾಗಿ 'ಸಾವಿರದೊಂದು ರಾತ್ರಿಗಳು' ಮೂಲಕ. 1704ರಿಂದ ಅದನ್ನು ಫ್ರೆಂಚಿಗೆ ತಂದ ಆಂತ್ವಾನ್ ಗಲಾಂ ಹೇಳಿದ ಸೀದಿ ನೊಮಾನನ ಕತೆಯಲ್ಲಿ, ಹಗಲು ಅನ್ನದ ಅಗುಳನ್ನು ಒಂದೊಂದಾಗಿ ಹೆಕ್ಕುವ ಹೆಂಡತಿ ರಾತ್ರಿ ಕಬರಸ್ಥಾನದಲ್ಲಿ ಗೂಲ್ ಜತೆ ಕೂತು ಹೆಣ ತಿನ್ನುತ್ತಾಳೆ. ನಮ್ಮ ಗೂಲ್ ಗೋರಿ ಅಗೆಯುವ ಕಸುಬು ಹಿಡಿದದ್ದು ಪ್ಯಾರಿಸಿಗೆ ಹೋದ ಮೇಲೆಯೇ ಎನ್ನುವ ವಿದ್ವಾಂಸರಿದ್ದಾರೆ.

ರೊಮೆರೊನ ನಾಯಕ ಬೆನ್. ಆ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ಜನಾಂಗದವನು. ಕಪ್ಪು ನಟನೇ ಬೇಕೆಂದು ಹುಡುಕಲಿಲ್ಲ, ಬಂದವರಲ್ಲಿ ಅವನೇ ಚೆನ್ನಾಗಿ ನಟಿಸಿದ ಎಂದು ರೊಮೆರೊ ಹೇಳುತ್ತಿದ್ದ. ಹೊಲದ ನಡುವಿನ ಮನೆಯಲ್ಲಿ ಇಡೀ ರಾತ್ರಿ ಹೋರಾಡಿ ಬೆನ್ ಒಬ್ಬನೇ ಬದುಕುಳಿಯುತ್ತಾನೆ. ಬೆಳಗಾದಾಗ ಕೋವಿ ಹಿಡಿದ ಬಿಳಿಯರ ಗುಂಪು ಬರುತ್ತದೆ. ಕಿಟಕಿಯಲ್ಲಿ ಕಂಡವನನ್ನು ಗೂಲ್ ಎಂದುಕೊಂಡು ಹಣೆಗೇ ಗುಂಡಿಡುತ್ತಾರೆ. ಯಾರೆಂದು ಒಬ್ಬನೂ ಕೂಗಿ ಕೇಳುವುದಿಲ್ಲ. ಮಾಂಸದ ಕೊಕ್ಕೆಗಳಿಂದ ಹೆಣ ಎಳೆದು ಬೆಂಕಿಗೆ ಹಾಕುವುದನ್ನು ಪತ್ರಿಕೆಯ ಫೋಟೋಗಳಂತೆ ಸ್ತಬ್ಧಚಿತ್ರಗಳಲ್ಲಿ ತೋರಿಸುತ್ತಾರೆ.

ಮುಗಿದ ಚಿತ್ರದ ರೀಲುಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು, ಕೊಳ್ಳುವವರನ್ನು ಹುಡುಕುತ್ತ ರೊಮೆರೊ ನ್ಯೂಯಾರ್ಕಿಗೆ ಹೊರಟಿದ್ದ. ದಾರಿಯಲ್ಲಿ ರೇಡಿಯೋ ಹಾಕಿದರೆ, ಮಾರ್ಟಿನ್ ಲೂಥರ್ ಕಿಂಗ್‌ನನ್ನು ಗುಂಡಿಟ್ಟು ಕೊಂದ ಸುದ್ದಿ ಬರುತ್ತಿತ್ತು.