ಕ್ಲಿನಿಕಲ್ ಸಂಶೋಧನೆ: ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಪೀಠಿಕೆ

ಚಿಕಿತ್ಸೆಗಾಗಿ ಆಸ್ಪತ್ರೆಗೆ ಬಂದ ರೋಗಿಗೆ ಅಥವಾ ಅವರ ಮನೆಯವರಿಗೆ ಕೆಲವೊಮ್ಮೆ ಸಂಶೋಧನೆಯೊಂದರಲ್ಲಿ ಭಾಗವಹಿಸುವಂತೆ ಕೋರಿ, ಹಲವು ಪುಟಗಳ ಪತ್ರವನ್ನು ನೀಡಿ ಸಹಿ ಕೇಳಲಾಗುತ್ತದೆ. ಆ ಸಹಿಯಿಂದ ಏನಾಗುತ್ತದೆ, ಸಹಿ ಮಾಡದಿದ್ದಲ್ಲಿ ಏನಾಗುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಸದರಿ ವಿಷಯದ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಕ್ಲಿನಿಕಲ್ ಸಂಶೋಧನೆ ಎಂದರೇನು?

ಒಂದು ಔಷಧ, ಶಸ್ತ್ರಚಿಕಿತ್ಸೆ ಅಥವಾ ಆರೈಕೆಯ ವಿಧಾನವು ರೋಗಿಗಳಿಗೆ ನಿಜವಾಗಿಯೂ ಉಪಯುಕ್ತವೇ ಎಂಬುದನ್ನು ಕ್ರಮಬದ್ಧವಾಗಿ ಪರೀಕ್ಷಿಸುವುದೇ ಕ್ಲಿನಿಕಲ್ ಸಂಶೋಧನೆ. ಸಾಮಾನ್ಯವಾಗಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹೊಸ ಚಿಕಿತ್ಸೆಯನ್ನೂ ಮತ್ತೊಂದಕ್ಕೆ ಪ್ರಚಲಿತ ಚಿಕಿತ್ಸೆಯನ್ನೂ ನೀಡಿ ಫಲಿತಾಂಶವನ್ನು ಹೋಲಿಸಲಾಗುತ್ತದೆ. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸುವಂತಿಲ್ಲ. ಆದ್ದರಿಂದ ಸಂಶೋಧನೆಗೆ ಸೇರಿದ ಮಾತ್ರಕ್ಕೆ ಹೊಸ ಔಷಧವು ಖಂಡಿತವಾಗಿ ದೊರೆಯುವುದೆಂದು ಭಾವಿಸತಕ್ಕದ್ದಲ್ಲ.

'ಪ್ರಯೋಗ' ಎಂಬ ಪದವನ್ನು ಕೇಳಿದೊಡನೆ ಭಯಪಡುವವರು ಬಹಳ. ಆದರೆ ಪರೀಕ್ಷೆಗೆ ಒಳಪಡದ ಚಿಕಿತ್ಸೆಯನ್ನು ಪಡೆಯುವುದೂ ಒಂದು ಪ್ರಯೋಗವೇ. ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ, ಅಷ್ಟೆ.

ಇತ್ತೀಚಿನ ಕೆಲವು ಫಲಿತಾಂಶಗಳು

ಕೋವಿಡ್ ಕಾಲದಲ್ಲಿ ಗುಣಮುಖರಾದವರ ಪ್ಲಾಸ್ಮಾಕ್ಕಾಗಿ ಕುಟುಂಬಗಳು ಊರೂರು ಅಲೆದದ್ದನ್ನು ಓದುಗರು ಮರೆತಿರಲಾರರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) 2020ರಲ್ಲಿ ದೇಶದ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. 28 ದಿನಗಳೊಳಗೆ ರೋಗ ಉಲ್ಬಣಿಸಿದವರು ಅಥವಾ ಮೃತಪಟ್ಟವರ ಪ್ರಮಾಣವು ಪ್ಲಾಸ್ಮಾ ಪಡೆದವರಲ್ಲಿ ಶೇ. 19, ಪಡೆಯದವರಲ್ಲಿ ಶೇ. 18 ಇತ್ತು, ಅಂದರೆ ಪ್ರಯೋಜನ ಕಂಡುಬರಲಿಲ್ಲ. ಮೇ 2021ರಲ್ಲಿ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಡಲಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಬ್ರಿಟನ್ನಿನ 'ರಿಕವರಿ' ಅಧ್ಯಯನವು ಅಗ್ಗದ ಹಳೆಯ ಔಷಧವಾದ ಡೆಕ್ಸಾಮೆಥಾಸೋನ್, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿಸುವುದೆಂದು 2020ರಲ್ಲಿಯೇ ತೋರಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ ಎಂಬುದನ್ನೂ ಗಮನಿಸತಕ್ಕದ್ದು.

ಶಸ್ತ್ರಚಿಕಿತ್ಸೆಯೂ ಇಂತಹ ಪರೀಕ್ಷೆಗೆ ಹೊರತಲ್ಲ. ಫಿನ್ಲೆಂಡಿನಲ್ಲಿ ವಯೋಸಹಜವಾಗಿ ಮೊಣಕಾಲಿನ ಮೆದುಮೂಳೆಯ ಪದರ ಹರಿದಿದ್ದ 146 ಮಂದಿಯಲ್ಲಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆಯನ್ನೂ ಉಳಿದವರಿಗೆ ಅವರ ಒಪ್ಪಿಗೆಯ ಮೇರೆಗೆ ತೋರಿಕೆಯ ಶಸ್ತ್ರಚಿಕಿತ್ಸೆಯನ್ನೂ ಮಾಡಲಾಯಿತು. ಒಂದು ವರ್ಷದ ನಂತರ ಎರಡೂ ಗುಂಪಿನವರ ನೋವಿನಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ ಎಂದು 2013ರಲ್ಲಿ ಪ್ರಕಟವಾಯಿತು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ನೇತೃತ್ವದಲ್ಲಿ ದೇಶದ 11 ಕೇಂದ್ರಗಳಲ್ಲಿ ನಡೆದ ಅಧ್ಯಯನವು 2023ರಲ್ಲಿ ಪ್ರಕಟವಾಗಿದೆ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ತುಸು ಮುನ್ನ ಗೆಡ್ಡೆಯ ಸುತ್ತ ಲಿಡೋಕೇನ್ ಎಂಬ ಸಾಮಾನ್ಯ ಅರಿವಳಿಕೆಯ ಚುಚ್ಚುಮದ್ದನ್ನು ಪಡೆದವರಲ್ಲಿ ಐದು ವರ್ಷಗಳ ಬಳಿಕ ಶೇ. 90.1ರಷ್ಟು ಮಂದಿ ಬದುಕಿದ್ದರು. ಪಡೆಯದವರಲ್ಲಿ ಈ ಪ್ರಮಾಣ ಶೇ. 86.4. ವೆಚ್ಚ ಅತ್ಯಲ್ಪ. ಇಂತಹ ಅಗ್ಗದ ಔಷಧಗಳ ಪರೀಕ್ಷೆಗೆ ಕಂಪನಿಗಳಿಗೆ ಲಾಭದ ಆಕರ್ಷಣೆ ಇರುವುದಿಲ್ಲವಾದ್ದರಿಂದ ಸಾರ್ವಜನಿಕ ಸಂಸ್ಥೆಗಳು ಇದಕ್ಕೆ ಮುಂದಾಗುವುದು ಅವಶ್ಯ.

ಕ್ಷಯರೋಗದ ಅಧ್ಯಯನದಲ್ಲಿ ಪರೀಕ್ಷಿಸಿದ್ದು ಔಷಧವನ್ನಲ್ಲ, ಆಹಾರವನ್ನು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಸಂಶೋಧಕರು ಮುಂಚೂಣಿಯಲ್ಲಿದ್ದ ಈ ಅಧ್ಯಯನವು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆಯಿತು. ರೋಗಿಯ ಮನೆಯವರಿಗೂ ಅಕ್ಕಿ, ಬೇಳೆಕಾಳು ಒದಗಿಸಿದ ಕಡೆ, ಆ ಮನೆಯವರಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳಿಗೆ ನಿ-ಕ್ಷಯ್ ಪೋಷಣ್ ಯೋಜನೆಯಡಿ ನೀಡಲಾಗುವ ಮಾಸಿಕ ನೆರವನ್ನು ನವೆಂಬರ್ 2024ರಿಂದ 500 ರೂ.ಗಳಿಂದ 1,000 ರೂ.ಗಳಿಗೆ ಹೆಚ್ಚಿಸಲಾಗಿದೆ.

ಭಾಗವಹಿಸುವವರ ಹಕ್ಕುಗಳು

ಮೇಲ್ಕಂಡ ಪ್ರತಿಯೊಂದು ಅಂಕಿಯ ಹಿಂದೆಯೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ ರೋಗಿಗಳಿದ್ದಾರೆ. ಅಂತಹ ಸಹಿಯನ್ನು ತಿಳಿವಳಿಕೆ ನೀಡದೆ ಪಡೆಯಲಾಗುತ್ತಿದೆ ಎಂಬ ದೂರುಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದ್ದು, 2013ರ ನಂತರ ನಿಯಮಗಳು ಬಿಗಿಯಾದವು. ಪ್ರಸ್ತುತ 'ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳು, 2019' ಜಾರಿಯಲ್ಲಿವೆ.

ಸದರಿ ನಿಯಮಗಳ ಅನ್ವಯ, ಹೊಸ ಔಷಧದ ಪರೀಕ್ಷೆಯ ವಿವರಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸತಕ್ಕದ್ದು. ಓದಲು ಬಾರದವರ ಪರವಾಗಿ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಹಾಜರಿದ್ದು ಸಹಿ ಮಾಡಬೇಕು. ಒಪ್ಪಿಗೆ ಪತ್ರದ ಪ್ರತಿಯನ್ನು ಪಡೆಯುವುದು ರೋಗಿಯ ಹಕ್ಕು. ಇದನ್ನು ಕೇಳಿ ಪಡೆಯಲು ಸಂಕೋಚಪಡಬಾರದು. ಕಛೇರಿಗಳಲ್ಲಿ ತೋರಿಸಿದ ಜಾಗದಲ್ಲೆಲ್ಲ ಓದದೆ ಸಹಿ ಹಾಕುವ ಅಭ್ಯಾಸ ನಮ್ಮಲ್ಲಿ ಇದೆ. ಇಲ್ಲಿ ಅದು ಸಲ್ಲದು. ಪತ್ರವನ್ನು ಮನೆಗೆ ಒಯ್ದು ಓದಲು ಕಾಲಾವಕಾಶ ಕೇಳಬಹುದು. ಒಪ್ಪದಿದ್ದರೂ, ಒಪ್ಪಿ ನಡುವೆ ಹಿಂದೆ ಸರಿದರೂ, ಎಂದಿನ ಚಿಕಿತ್ಸೆಗೆ ಅಡ್ಡಿಯಾಗುವಂತಿಲ್ಲ.

ಪರೀಕ್ಷೆಯ ಅವಧಿಯಲ್ಲಿ ಆರೋಗ್ಯಕ್ಕೆ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ಒದಗಿಸತಕ್ಕದ್ದು. ಹಾನಿ ಅಥವಾ ಸಾವು ಪರೀಕ್ಷೆಯಿಂದಲೇ ಸಂಭವಿಸಿದ್ದೆಂದು ನಿರ್ಣಯವಾದರೆ ಪ್ರಾಯೋಜಕರು ಹಣಕಾಸಿನ ಪರಿಹಾರವನ್ನೂ ನೀಡಬೇಕು. ಪ್ರಾಧಿಕಾರದ ಆದೇಶ ತಲುಪಿದ 30 ದಿನಗಳೊಳಗೆ ಪಾವತಿಸಬೇಕೆಂದು ನಿಯಮವಿದೆ. ಸಾವಿನ ಪ್ರಕರಣದಲ್ಲಿ 8 ಲಕ್ಷ ರೂ.ಗಳ ಮೂಲ ಮೊತ್ತವನ್ನು ಆಧರಿಸಿ, ವಯಸ್ಸು ಹಾಗೂ ಸೇರ್ಪಡೆಯ ಸಮಯದಲ್ಲಿದ್ದ ಕಾಯಿಲೆಯ ತೀವ್ರತೆಗೆ ಅನುಗುಣವಾಗಿ ಲೆಕ್ಕ ಹಾಕಲಾಗುತ್ತದೆ. ಒಪ್ಪಿಗೆ ಪತ್ರದಲ್ಲಿ ನಾಮನಿರ್ದೇಶಿತರ ಹೆಸರಿನ ಕಾಲಂ ಇರುವುದು ಇದೇ ಕಾರಣಕ್ಕೆ. ಅದನ್ನು ಖಾಲಿ ಬಿಡಬಾರದು.

ಪರಿಶೀಲಿಸುವ ವಿಧಾನ

ಸಂಶೋಧನೆಯು ನೈತಿಕ ಸಮಿತಿಯ ಅನುಮೋದನೆ ಪಡೆದಿರಬೇಕು. ಕನಿಷ್ಠ ಏಳು ಸದಸ್ಯರ ಈ ಸಮಿತಿಯಲ್ಲಿ ಓರ್ವ ಮಹಿಳೆ, ಕಾನೂನು ತಜ್ಞರು ಮತ್ತು ವೈದ್ಯಕೀಯೇತರ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು. ಇದಲ್ಲದೆ, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ (ಸಿಟಿಆರ್‌ಐ) ಎಂಬ ದಾಖಲಾತಿಯಲ್ಲಿ ನೋಂದಣಿಯು 15 ಜೂನ್ 2009ರಿಂದ ಕಡ್ಡಾಯವಾಗಿದೆ. ಇದರ ಜಾಲತಾಣವನ್ನು ಯಾರು ಬೇಕಾದರೂ ಉಚಿತವಾಗಿ ವೀಕ್ಷಿಸಬಹುದು. ಸಹಿ ಕೋರುವವರಿಂದ ನೋಂದಣಿ ಸಂಖ್ಯೆಯನ್ನು ಮೊದಲು ಕೇಳಿ ಪಡೆಯತಕ್ಕದ್ದು. ದೂರುಗಳಿದ್ದಲ್ಲಿ, ರೋಗಿಗೆ ನೀಡಿದ ಮಾಹಿತಿ ಪತ್ರದಲ್ಲಿ ನಮೂದಿಸಿರುವ ನೈತಿಕ ಸಮಿತಿಯ ವಿಳಾಸಕ್ಕೆ ಲಿಖಿತವಾಗಿ ಸಲ್ಲಿಸಿ, ಅದರ ಒಂದು ಪ್ರತಿಯನ್ನು ತಮ್ಮಲ್ಲಿ ಇರಿಸಿಕೊಳ್ಳುವುದು.